ಪಕ್ಕದ ಬೀದಿಯ ಚರ್ಚಿನಲ್ಲಿ ಕಛೇರಿ

(ನಮ್ಮ ವೇದಿಕೆಯ ರಾಜ್ಯೋತ್ಸವ ಸಮಾರಂಭದಲ್ಲಿ ಆಡಿದ ಮಾತುಗಳ ಬರಹ ರೂಪ)



ಬಿಸಿಬೇಳೆಬಾತಿನ ವಾಸನೆ ಬರ್ತಾ ಇರುವಾಗ ಭಾಷಣ ಮಾಡೋದು ಕಷ್ಟ, ಕೇಳೋದು ಇನ್ನೂ ಕಷ್ಟ. ಹಾಗಾಗಿ ನೇರವಾಗಿ ವಿಷಯಕ್ಕೆ ಬರ್ತೀನಿ. ನನಗೆ ಕೊಟ್ಟಿರುವ ತಲೆಬರಹ ‘ನಾವು ಮತ್ತು ನಮ್ಮ ನೆರೆಹೊರೆ’. ಇದರ ಮೇಲೆ ಸಂಸ್ಕೃತಿ, ಸಮನ್ವಯ ಅಂತ ದೊಡ್ಡ ದೊಡ್ಡ ಮಾತು ಆಡಬಹುದು. ನಾನು ಒಂದು ಸಣ್ಣ ವಿಷಯ ಹಿಡಿದುಕೊಂಡು ಬಂದಿದ್ದೀನಿ. ಈ ಲಂಡನ್ನಿನ ಬಡಾವಣೆಗಳಲ್ಲಿ, ನಮ್ಮ ನಿಮ್ಮ ಮನೆ ಪಕ್ಕದ ಚರ್ಚುಗಳಲ್ಲಿ, ತಿಂಗಳಿಗೊಂದೋ ವಾರಕ್ಕೊಂದೋ ನಡೆಯುವ ಪುಟ್ಟ ಸಂಗೀತ ಕಛೇರಿಗಳ ವಿಷಯ. ಅದನ್ನು ಹೇಳಿ, ಕೊನೆಗೆ ನಮ್ಮ ವೇದಿಕೆಯ ಮುಂದೆ ಒಂದು ಬೇಡಿಕೆಯನ್ನೂ ಇಡ್ತೀನಿ.

ಮೊದಲು ಒಂದು ಪ್ರಶ್ನೆ. ನಮ್ಮ ಮಕ್ಕಳ ಭಾನುವಾರದ ಕನ್ನಡ ತರಗತಿ ಎಲ್ಲಿ ನಡೆಯುತ್ತೆ? ಚರ್ಚಿನ ಹಿಂದಿರುವ ಹಾಲಿನಲ್ಲಿ. ಯುಗಾದಿ ಎಲ್ಲಿ ಮಾಡಿದ್ವಿ? ಅದೇ ಹಾಲು. ಗಣಪತಿ ಕೂರಿಸಿದ್ದೆಲ್ಲಿ? ಅಲ್ಲೇ. ಗಂಟೆಗಿಷ್ಟು ಅಂತ ಬಾಡಿಗೆ ಕೊಟ್ಟು, ಕುರ್ಚಿ ಜೋಡಿಸಿ, ಮುಗಿದ ಮೇಲೆ ಗುಡಿಸಿ, ಬೀಗ ಹಾಕಿ, ಬೀಗದ ಕೈ ವಾಪಸ್ ಕೊಟ್ಟು ಬರ್ತೀವಿ. ಹಿಂದಿನ ಬಾಗಿಲು ನಮಗೆ ಅಷ್ಟು ಪರಿಚಯ. ಆದರೆ ಅದೇ ಕಟ್ಟಡದ ಮುಂದಿನ ಬಾಗಿಲಿನಿಂದ ಒಳಗೆ ಹೋದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ ಅಂತ ಕೇಳಲ್ಲ. ಮದುವೆಗೋ ಅಂತ್ಯಸಂಸ್ಕಾರಕ್ಕೋ ಕರೆದಾಗ ಹೋಗಿರ್ತೀವಿ, ಅಷ್ಟೇ. ಅದು ಅವರ ಜಾಗ, ನಮಗೇನು ಕೆಲಸ ಅಂತ ಸುಮ್ಮನಿರ್ತೀವಿ. ಆ ಮುಂದಿನ ಬಾಗಿಲಿನ ಪಕ್ಕದ ಹಲಗೆಯ ಮೇಲೆ ಒಂದು ಚೀಟಿ ಅಂಟಿಸಿರ್ತಾರೆ. ಇಂಥ ದಿನ, ಇಷ್ಟು ಗಂಟೆಗೆ, ಸ್ಟ್ರಿಂಗ್ ಕ್ವಾರ್ಟೆಟ್. ಪ್ರವೇಶ ಉಚಿತ, ಕಾಣಿಕೆಗೆ ಸ್ವಾಗತ. ನಾನು ಹೇಳ್ತಿರೋದು ಆ ಚೀಟಿಯ ಬಗ್ಗೆ.

ಅದು ಏನು, ಹೇಗಿರುತ್ತೆ ಅಂತ ಹೇಳ್ತೀನಿ. ಮಧ್ಯಾಹ್ನದ ಕಛೇರಿಯಾದರೆ ಸಾಮಾನ್ಯವಾಗಿ ಒಂದು ಗಂಟೆಗೆ ಶುರುವಾಗಿ ಎರಡಕ್ಕೆ ಮುಂಚೆ ಮುಗಿದಿರುತ್ತೆ. ಕೆಲಸ ಮಾಡೋರು ಊಟದ ಬಿಡುವಿನಲ್ಲಿ ಬಂದು ಕೇಳಿ ವಾಪಸ್ ಹೋಗಲಿ ಅಂತಲೇ ಆ ಲೆಕ್ಕ. ಸಂಜೆಯದಾದರೆ ಮಧ್ಯೆ ಒಂದು ಬಿಡುವು, ಟೀ ಅಥವಾ ವೈನು. ಉದ್ದನೆಯ ಮರದ ಬೆಂಚುಗಳು. ಬಲಿಪೀಠದ ಮುಂದೆ ಖಾಲಿ ಜಾಗದಲ್ಲಿ ನಾಲ್ಕು ಕುರ್ಚಿ, ನಾಲ್ಕು ಸ್ಟ್ಯಾಂಡು. ಮೈಕಿಲ್ಲ. ಫ್ಲೆಕ್ಸ್ ಬ್ಯಾನರಿಲ್ಲ, ದೀಪ ಬೆಳಗುವವರಿಲ್ಲ, ಶಾಲು ಹೊದಿಸುವವರೂ ಇಲ್ಲ! ಯಾರೋ ಒಬ್ಬರು ಎದ್ದುನಿಂತು ಎರಡು ನಿಮಿಷ ಮಾತಾಡ್ತಾರೆ. ಮೊಬೈಲ್ ಆಫ್ ಮಾಡಿ, ಹೋಗುವಾಗ ಬುಟ್ಟಿ ಇಟ್ಟಿರ್ತೀವಿ. ಅಷ್ಟೇ ಸ್ವಾಗತ ಭಾಷಣ, ಅಷ್ಟೇ ವಂದನಾರ್ಪಣೆ. ಆಮೇಲೆ ನಾಲ್ಕು ಜನ ಬಂದು ಶ್ರುತಿ ಮಾಡಿಕೊಂಡು ಶುರು ಮಾಡ್ತಾರೆ.

ಈ ‘ಚೇಂಬರ್ ಮ್ಯೂಸಿಕ್’ ಅನ್ನೋ ಹೆಸರಿಗೆ ಹೆದರಬೇಕಾಗಿಲ್ಲ. ಚೇಂಬರ್ ಅಂದರೆ ಕೋಣೆ. ದೊಡ್ಡ ಆರ್ಕೆಸ್ಟ್ರಾಕ್ಕಲ್ಲ, ಒಂದು ಮನೆಯ ಪಡಸಾಲೆಯಲ್ಲಿ ಕೂತು ನುಡಿಸೋದಕ್ಕೆ ಬರೆದ ಸಂಗೀತ. ಎರಡು ಪಿಟೀಲು, ಅದಕ್ಕಿಂತ ಸ್ವಲ್ಪ ದೊಡ್ಡದಾದ ವಯೋಲ ಒಂದು, ಕಾಲುಗಳ ನಡುವೆ ಹಿಡಿದು ನುಡಿಸುವ ಚೆಲ್ಲೊ ಒಂದು. ಇವು ಸೇರಿದರೆ ಸ್ಟ್ರಿಂಗ್ ಕ್ವಾರ್ಟೆಟ್. ಒಂದು ಪಿಯಾನೊ ಬಂದು ಕೂತರೆ ಅದು ಕ್ವಿಂಟೆಟ್. ಕೋಲು ಹಿಡಿದು ನಿಂತ ಕಂಡಕ್ಟರ್ ಇರೋದಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಉಸಿರು ಕೇಳಿಸಿಕೊಂಡು ನುಡಿಸಬೇಕು. ನಮ್ಮಲ್ಲಿ ಪಿಟೀಲಿನವರು ಹಾಡುವವರ ಬಾಯಿ ನೋಡ್ತಾ, ಮೃದಂಗದವರು ಪಲ್ಲವಿ ಎಲ್ಲಿ ಎತ್ತುತ್ತಾರೆ ಅಂತ ಕಾಯ್ತಾ ಕೂತಿರ್ತಾರಲ್ಲ, ಆ ಎಚ್ಚರವೇ ಇಲ್ಲೂ ಇರೋದು. ವ್ಯತ್ಯಾಸ ಏನಂದ್ರೆ, ನಮ್ಮಲ್ಲಿ ಒಬ್ಬರು ಮುಖ್ಯ, ಉಳಿದವರು ಪಕ್ಕವಾದ್ಯ. ಇಲ್ಲಿ ನಾಲ್ವರಿಗೂ ಸಮಪಾಲು. ನಮ್ಮಲ್ಲಿ ಮನೋಧರ್ಮ ದೊಡ್ಡದು, ಇಲ್ಲಿ ಎಲ್ಲವನ್ನೂ ಬರೆದಿಟ್ಟಿರ್ತಾರೆ. ಆದರೂ ಅದೇ ಹಾಳೆಯನ್ನು ಬೇರೆ ನಾಲ್ವರು ನುಡಿಸಿದರೆ ಬೇರೆಯೇ ಕೇಳಿಸುತ್ತೆ.

ಇದೆಲ್ಲ ಶ್ರೀಮಂತರ ಶೋಕಿ ಅಂತ ನಮ್ಮಲ್ಲಿ ಒಂದು ಅಭಿಪ್ರಾಯ ಇದೆ. ಅದಕ್ಕೆ ಒಬ್ಬ ಇದ್ದಿಲು ಮಾರುವವನ ಕತೆ ಹೇಳಬೇಕು.

ಅವನ ಹೆಸರು ಥಾಮಸ್ ಬ್ರಿಟನ್. ನಾರ್ಥಾಂಪ್ಟನ್‌ಶೈರ್ ಕಡೆಯಿಂದ ಕೆಲಸ ಹುಡುಕಿಕೊಂಡು ಲಂಡನ್ನಿಗೆ ಬಂದವನು. ಇದ್ದಿಲ ವ್ಯಾಪಾರಿಯ ಹತ್ತಿರ ಕೆಲಸ ಕಲಿತು, ಕ್ಲರ್ಕೆನ್‌ವೆಲ್‌ನಲ್ಲಿ ತಾನೇ ಇದ್ದಿಲಂಗಡಿ ಇಟ್ಟ. ಹಗಲೆಲ್ಲ ಬೆನ್ನ ಮೇಲೆ ಮೂಟೆ ಹೊತ್ತು ಬೀದಿ ಬೀದಿ ಕೂಗಿ ಮಾರುತ್ತಿದ್ದ. ಅಂಗಡಿಯ ಮೇಲೆ ಒಂದು ತಗ್ಗಾದ, ಉದ್ದನೆಯ ಅಟ್ಟ. ಹೊರಗಿನ ಕಡಿದಾದ ಮೆಟ್ಟಿಲು ಹತ್ತಿ ಅಲ್ಲಿಗೆ ಹೋಗಬೇಕು. 1678ರಲ್ಲಿ ಅವನು ಆ ಅಟ್ಟದಲ್ಲಿ ವಾರಕ್ಕೊಂದು ಸಂಗೀತ ಕಛೇರಿ ಶುರು ಮಾಡಿದ. 1714ರಲ್ಲಿ ಅವನು ಸಾಯುವವರೆಗೂ, ಅಂದರೆ ಮೂವತ್ತಾರು ವರ್ಷ, ಅದು ನಡೆಯಿತು. ಮೊದಮೊದಲು ದುಡ್ಡೇ ಇರಲಿಲ್ಲ. ಆಮೇಲೆ ವರ್ಷಕ್ಕಿಷ್ಟು ಅಂತ ಚಂದಾ ಬಂತು. ಊರಿನ ದೊಡ್ಡ ಮನೆತನದವರು ತಲೆ ಬಗ್ಗಿಸಿಕೊಂಡು ಆ ಅಟ್ಟ ಹತ್ತುತ್ತಿದ್ದರು. ಜರ್ಮನಿಯಿಂದ ಬಂದ ಹ್ಯಾಂಡಲ್ ಕೂಡ ಅಲ್ಲಿ ನುಡಿಸಿದ್ದ ಅಂತ ಹೇಳ್ತಾರೆ. ಆ ಇದ್ದಿಲಿನವನ ಚಿತ್ರಪಟ ಇವತ್ತು ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಸಂಗ್ರಹದಲ್ಲಿದೆ. ಲಂಡನ್ನಿನಲ್ಲಿ ಕಾಸು ಕೊಟ್ಟವರು ಯಾರು ಬೇಕಾದರೂ ಕೂತು ಕೇಳಬಹುದಾದ ಕಛೇರಿಗಳು ಶುರುವಾದದ್ದೇ ಆ ಕಾಲದಲ್ಲಿ. ಜಾನ್ ಬ್ಯಾನಿಸ್ಟರ್ ಅನ್ನೋ ಪಿಟೀಲುಗಾರ 1672ರಲ್ಲಿ ತನ್ನ ಮನೆಯಲ್ಲೇ ಒಂದು ಶಿಲ್ಲಿಂಗ್ ಪಡೆದು ಕಛೇರಿ ಮಾಡಿದ್ದ. ಹಾಗಾಗಿ ಈ ಊರಿನ ಸಂಗೀತದ ಬೇರು ಅರಮನೆಯಲ್ಲಿ ಎಷ್ಟಿದೆಯೋ ಇಂಥ ಮನೆ, ಅಂಗಡಿ, ಅಟ್ಟಗಳಲ್ಲೂ ಅಷ್ಟೇ ಇದೆ.

ಇನ್ನೊಂದು ಘಟನೆ. 1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾಯಿತು. ರಾತ್ರಿ ದೀಪ ಹಚ್ಚುವ ಹಾಗಿಲ್ಲ, ಸಂಗೀತದ ಹಾಲುಗಳು ಮುಚ್ಚಿದವು. ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿಯಲ್ಲಿದ್ದ ಚಿತ್ರಗಳನ್ನೆಲ್ಲ ಸುರಕ್ಷಿತವಾದ ಕಡೆಗೆ ಸಾಗಿಸಿಬಿಟ್ಟಿದ್ದರು. ಗೋಡೆಗಳೆಲ್ಲ ಖಾಲಿ. ಆಗ ಪಿಯಾನೊ ವಾದಕಿ ಮೈರಾ ಹೆಸ್, ಈ ಖಾಲಿ ಕಟ್ಟಡದಲ್ಲಿ ಮಧ್ಯಾಹ್ನದ ಹೊತ್ತು ಕಛೇರಿ ಮಾಡೋಣ ಅಂದರು. 1939ರ ಅಕ್ಟೋಬರ್ 10ರಂದು ಮೊದಲನೆಯದನ್ನು ಅವರೇ ನುಡಿಸಿದರು. ಟಿಕೆಟ್ ಒಂದು ಶಿಲ್ಲಿಂಗ್. ಪಕ್ಕದಲ್ಲಿ ಸ್ಯಾಂಡ್‌ವಿಚ್ ಕ್ಯಾಂಟೀನು. ಸೋಮವಾರದಿಂದ ಶುಕ್ರವಾರದವರೆಗೆ, ಬಾಂಬು ಬಿದ್ದಾಗ ನೆಲಮಾಳಿಗೆಗೆ ಇಳಿದು, ನಿಲ್ಲಿಸದೆ ನಡೆಸಿದರು. 1946ರ ಏಪ್ರಿಲ್‌ನಲ್ಲಿ ಮುಗಿಯುವ ಹೊತ್ತಿಗೆ 1,698 ಕಛೇರಿಗಳು ಆಗಿದ್ದವು. ಎಂಟು ಲಕ್ಷಕ್ಕೂ ಹೆಚ್ಚು ಜನ ಕೇಳಿದ್ದರು. ಆಫೀಸಿನ ಗುಮಾಸ್ತರು, ಟೈಪಿಸ್ಟುಗಳು, ರಜೆಯ ಮೇಲೆ ಬಂದ ಸಿಪಾಯಿಗಳು. ಊಟದ ಬಿಡುವಿನಲ್ಲಿ ಸಂಗೀತ ಕೇಳೋ ಅಭ್ಯಾಸ ಈ ಊರಿಗೆ ಗಟ್ಟಿಯಾಗಿ ಹಿಡಿದದ್ದು ಆ ವರ್ಷಗಳಲ್ಲಿ.

ಆ ಗ್ಯಾಲರಿಯಿಂದ ರಸ್ತೆ ದಾಟಿದರೆ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ಚರ್ಚು. ನಿಮ್ಮಲ್ಲಿ ಬಹಳ ಜನ ಅದರ ಮೆಟ್ಟಿಲ ಮೇಲೆ ಕೂತು ಫೋಟೋ ತೆಗೆಸಿಕೊಂಡಿರ್ತೀರಿ. ಜೇಮ್ಸ್ ಗಿಬ್ಸ್ ಅನ್ನುವವರು ವಿನ್ಯಾಸ ಮಾಡಿ 1726ರಲ್ಲಿ ಮುಗಿಸಿದ ಕಟ್ಟಡ. ಅಲ್ಲಿ ಮಧ್ಯಾಹ್ನದ ಕಛೇರಿಗಳು ದಶಕಗಳಿಂದ ನಡೀತಿವೆ. 1958ರಲ್ಲಿ ನೆವಿಲ್ ಮ್ಯಾರಿನರ್ ಎಂಬ ಪಿಟೀಲುಗಾರರು ಕೆಲವು ಗೆಳೆಯರನ್ನು ಸೇರಿಸಿಕೊಂಡು ಕಂಡಕ್ಟರ್ ಇಲ್ಲದ ಒಂದು ಪುಟ್ಟ ತಂಡ ಕಟ್ಟಿದರು. ಮರುವರ್ಷ ನವೆಂಬರ್ 13ರಂದು ಆ ಚರ್ಚಿನಲ್ಲೇ ಅವರ ಮೊದಲ ಕಛೇರಿ. ಚರ್ಚಿನ ಹೆಸರನ್ನೇ ತಂಡಕ್ಕೂ ಇಟ್ಟುಕೊಂಡರು. ಆ ತಂಡದ ಧ್ವನಿಮುದ್ರಿಕೆಗಳು ಇವತ್ತು ಜಗತ್ತಿನ ಎಲ್ಲ ಕಡೆ ಇವೆ. ವೆಸ್ಟ್‌ಮಿನ್‌ಸ್ಟರ್ ಹತ್ತಿರದ ಸೇಂಟ್ ಜಾನ್ಸ್ ಸ್ಮಿತ್ ಸ್ಕ್ವೇರ್ 1941ರಲ್ಲಿ ಬಾಂಬಿಗೆ ಸಿಕ್ಕಿ ಸುಟ್ಟು ಬರೀ ಗೋಡೆ ಉಳಿದಿತ್ತು. ಅದನ್ನು ಮತ್ತೆ ಕಟ್ಟಿ 1969ರಲ್ಲಿ ಸಂಗೀತದ ಹಾಲಾಗಿಯೇ ತೆರೆದರು.

ಇವು ದೊಡ್ಡ ಹೆಸರುಗಳು. ನಾನು ಹೇಳ್ತಿರೋದು ಅವುಗಳ ತಮ್ಮ ತಂಗಿಯರ ಬಗ್ಗೆ. ನೂರು ಜನ ಹಿಡಿಸುವ, ಮಳೆ ಬಂದರೆ ಒಂದು ಮೂಲೆಯಲ್ಲಿ ಬಕೆಟ್ ಇಡುವ ಬಡಾವಣೆಯ ಚರ್ಚುಗಳು. ಇವು ಯಾಕೆ ಕಛೇರಿ ನಡೆಸ್ತಾವೆ? ಇದರ ಲೆಕ್ಕಾಚಾರ ತಿಳಕೊಂಡರೆ ನಮಗೂ ಉಪಯೋಗ.

ಚರ್ಚಿನವರಿಗೆ ಕಟ್ಟಡ ಇದೆ, ಬರುವ ಜನ ಕಡಿಮೆ. ಸೂರು ಸೋರುತ್ತೆ, ಚಳಿಗಾಲದಲ್ಲಿ ಕಾಯಿಸೋ ಖರ್ಚು ತಲೆನೋವು. ಭಾನುವಾರ ಬಿಟ್ಟರೆ ವಾರವೆಲ್ಲ ಖಾಲಿ. ಇನ್ನೊಂದು ಕಡೆ, ಈ ಊರಿನಲ್ಲಿ ರಾಯಲ್ ಅಕಾಡೆಮಿ, ರಾಯಲ್ ಕಾಲೇಜು, ಗಿಲ್ಡ್‌ಹಾಲ್, ಟ್ರಿನಿಟಿ ಅಂತ ಸಂಗೀತ ಕಾಲೇಜುಗಳಿವೆ. ಅಲ್ಲಿ ಕಲಿತು ಹೊರಬರುವ ಹುಡುಗ ಹುಡುಗಿಯರಿಗೆ ಜನರ ಮುಂದೆ ಒಂದು ಪೂರ್ತಿ ಕಛೇರಿ ನುಡಿಸೋಕೆ ಜಾಗ ಬೇಕು. ದೊಡ್ಡ ಹಾಲಿನಲ್ಲಿ ಸ್ಪರ್ಧೆಗೋ ಪರೀಕ್ಷೆಗೋ ನಿಲ್ಲುವ ಮುಂಚೆ ಆ ಕೃತಿಯನ್ನು ನಾಲ್ಕು ಕಡೆ ನುಡಿಸಿ ಕೈ ಪಳಗಿರಬೇಕು. ಮೂರನೆಯ ಕಡೆ, ಬಡಾವಣೆಯಲ್ಲಿ ಸಂಗೀತ ಪ್ರೀತಿಸೋ ನಾಲ್ಕಾರು ಜನ. ನಿವೃತ್ತ ಮೇಷ್ಟ್ರು, ಹಳೇ ನರ್ಸು, ಅಂಚೆ ಕಚೇರಿಯಲ್ಲಿ ಇದ್ದವರು. ಇವರೇ ಸಮಿತಿ. ಒಬ್ಬರು ನುಡಿಸುವವರಿಗೆ ಪತ್ರ ಬರೀತಾರೆ, ಒಬ್ಬರು ಚೀಟಿ ಅಚ್ಚು ಹಾಕಿಸ್ತಾರೆ, ಒಬ್ಬರು ಕೇಕು ಬೇಯಿಸ್ತಾರೆ, ಒಬ್ಬರು ಬುಟ್ಟಿ ಹಿಡಿದು ಬಾಗಿಲಲ್ಲಿ ನಿಲ್ತಾರೆ. ಬುಟ್ಟಿಯ ಜೊತೆ ಒಂದು ಲಕೋಟೆ ಇರುತ್ತೆ. ನೀವು ತೆರಿಗೆ ಕಟ್ಟುವವರಾಗಿದ್ದು ಅದರ ಮೇಲೆ ಹೆಸರು ವಿಳಾಸ ಬರೆದರೆ, ನೀವು ಕೊಟ್ಟ ಪ್ರತಿ ಪೌಂಡಿಗೆ ಸರ್ಕಾರದಿಂದ ಇನ್ನೂ 25 ಪೆನ್ಸ್ ಆ ಚಾರಿಟಿಗೆ ಸಿಗುತ್ತೆ. ಅದೇ ಗಿಫ್ಟ್ ಏಡ್. ನಮ್ಮ ಖಜಾಂಚಿಗಳು ಇದನ್ನು ಬಲ್ಲರು.

ಇನ್ನು ನಾದದ ಮಾತು. ಚರ್ಚಿನ ಕಲ್ಲಿನ ಗೋಡೆ, ಎತ್ತರದ ಸೂರು ನಾದವನ್ನು ತಕ್ಷಣ ಬಿಡೋದಿಲ್ಲ, ಸ್ವಲ್ಪ ಹೊತ್ತು ಹಿಡಿದು ಇಟ್ಟುಕೊಳ್ಳುತ್ತೆ. ಸೇಂಟ್ ಪಾಲ್ಸ್‌ನಂಥ ಮಹಾ ಕಟ್ಟಡದಲ್ಲಿ ಅದು ಹಲವು ಸೆಕೆಂಡು ಉಳಿದು, ಒಂದು ಸ್ವರದ ಮೇಲೆ ಇನ್ನೊಂದು ಬಿದ್ದು ಕಲಸಿಹೋಗುತ್ತೆ. ಅಲ್ಲಿ ಕೋರಸ್ ಚೆನ್ನ, ಕ್ವಾರ್ಟೆಟ್ ಕಷ್ಟ. ಬಡಾವಣೆಯ ಚರ್ಚು ಅದಕ್ಕೆ ಹದವಾದ ಅಳತೆ. ನಾಲ್ಕು ತಂತಿವಾದ್ಯ ಮೈಕಿಲ್ಲದೆ ಕೊನೆಯ ಬೆಂಚಿಗೂ ಮುಟ್ಟುತ್ತೆ. ತೊಂದರೆಯೂ ಇದೆ. ಚಳಿಯಲ್ಲಿ ತಂತಿ ಶ್ರುತಿ ಬಿಡುತ್ತೆ. ಹೀಟರ್ ಹಾಕಿದರೆ ಪಿಯಾನೊ ಶ್ರುತಿ ಬಿಡುತ್ತೆ. ಹೊರಗೆ ಬಸ್ಸು ಹೋದರೆ ಅದೂ ಕಛೇರಿಯಲ್ಲಿ ಸೇರುತ್ತೆ. ಕೇಳುವವರು ಕೋಟು ಹಾಕಿಕೊಂಡೇ ಕೂರ್ತಾರೆ.

ಮೈಕಿಲ್ಲ ಅಂದಾಗ ನಮ್ಮ ಪಿಟೀಲು ಚೌಡಯ್ಯನವರು ನೆನಪಾಗ್ತಾರೆ. ಪಿಟೀಲು ಪಾಶ್ಚಾತ್ಯರಿಂದ ನಮ್ಮ ಸಂಗೀತಕ್ಕೆ ಬಂದ ವಾದ್ಯ, ಗೊತ್ತಿರೋದೇ. ಚೌಡಯ್ಯನವರು ನಾದ ದೊಡ್ಡದಾಗಿ ಕೇಳಿಸಲಿ ಅಂತ ನಾಲ್ಕು ತಂತಿಯ ಜಾಗದಲ್ಲಿ ಏಳು ತಂತಿ ಹಾಕಿದರು. ಅವರ ಗುರು ಬಿಡಾರಂ ಕೃಷ್ಣಪ್ಪನವರು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿದವರು. ಅರಮನೆಯ ವಿದ್ವಾಂಸರೊಬ್ಬರು ಊರಿನ ನಡುವೆ ಕಟ್ಟಿದ ರಾಮಮಂದಿರ, ಜನ ನಡೆದು ಬಂದು ಕೂತು ಸಂಗೀತ ಕೇಳುವ ಜಾಗ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಿಂದ ನಡೆದು ಬಂದಿರುವ ರಾಮನವಮಿ ಸಂಗೀತೋತ್ಸವಕ್ಕೆ ಇಲ್ಲಿ ಕೂತಿರುವ ಎಷ್ಟೋ ಹಿರಿಯರು ಹೋಗಿದ್ದೀರಿ. ಅದು ಬೆಳೆದು ದೊಡ್ಡದಾಯಿತು. ಆದರೆ ಪಾನಕ ಕೋಸಂಬರಿಯ ಜೊತೆ ಬೀದಿಯ ಚಪ್ಪರದಲ್ಲಿ ಆಗುವ ಸಣ್ಣ ಸಣ್ಣ ರಾಮನವಮಿ ಕಛೇರಿಗಳು ನಮಗೆ ಹೊಸತೇ? ಮೈರಾ ಹೆಸ್ ಇಲ್ಲಿ ಖಾಲಿ ಗ್ಯಾಲರಿಯಲ್ಲಿ ಪಿಯಾನೊ ಮುಂದೆ ಕೂತ ವರ್ಷವೇ ಅಲ್ಲಿ ಚಾಮರಾಜಪೇಟೆಯ ಉತ್ಸವ ಶುರುವಾದದ್ದು. ದೇವರ ಮನೆಯೋ ಅದರ ಅಂಗಳವೋ, ಸಂಗೀತ ಕೇಳೋಕೆ ಬೀದಿಯ ಜನ ಸೇರೋದು ಎರಡೂ ಕಡೆ ಇರುವ ಪದ್ಧತಿ. ಹಾಗಾಗಿ ಈ ಚರ್ಚಿನ ಕಛೇರಿ ನಮಗೆ ಪರಕೀಯ ಅಂತ ಅನ್ನಿಸಬೇಕಾಗಿಲ್ಲ.

ಮೈಸೂರಿಗೂ ಈ ಊರಿನ ಸಂಗೀತಕ್ಕೂ ನೇರವಾದ ನಂಟೊಂದು ಇದೆ, ಇದನ್ನು ಮಕ್ಕಳು ಕೇಳಿಸಿಕೊಳ್ಳಬೇಕು. ಜಯಚಾಮರಾಜ ಒಡೆಯರ್ ಅವರು ಕರ್ನಾಟಕ ಸಂಗೀತದಲ್ಲಿ ಕೃತಿ ರಚಿಸಿದವರು, ಹಾಗೇ ಪಿಯಾನೊ ಕಲಿತವರು. 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ನಿಕೊಲಾಯ್ ಮೆಟ್ನರ್ ಅಂತ ಒಬ್ಬ ರಷ್ಯನ್ ಸಂಗೀತಗಾರ, ದೇಶ ಬಿಟ್ಟು ಬಂದು ಲಂಡನ್ನಿನ ಉತ್ತರದ ಬಡಾವಣೆಯಲ್ಲಿ ವಯಸ್ಸಾಗಿ, ಕಾಯಿಲೆಯಾಗಿ ಇದ್ದರು. ಅವರ ಸಂಗೀತವನ್ನು ಅವರ ಕೈಯಲ್ಲೇ ನುಡಿಸಿ ಧ್ವನಿಮುದ್ರಿಸುವ ಖರ್ಚನ್ನು ಮೈಸೂರಿನ ಮಹಾರಾಜರು ವಹಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದ್ದಾರೆ. ಮೆಟ್ನರ್ 1951ರಲ್ಲಿ ತೀರಿಕೊಂಡರು. ಆ ಧ್ವನಿಮುದ್ರಣ ಆಗದೇ ಹೋಗಿದ್ದರೆ ಆ ಕೈಯ ನಾದ ಅಷ್ಟರಮಟ್ಟಿಗೆ ನಮಗೆ ಉಳೀತಿರಲಿಲ್ಲ. ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ಕೇಳಿಸಿದ್ದರ ಹಿಂದೆಯೂ ಅವರ ನೆರವಿತ್ತು. ಅಷ್ಟು ದೂರದ ಮೈಸೂರಿನಲ್ಲಿ ಕೂತು ಅವರು ಈ ಊರಿನ ಸಂಗೀತವನ್ನು ತಮ್ಮದು ಅಂದುಕೊಂಡರು. ನಾವು ಇಲ್ಲೇ ಇದ್ದೀವಿ. ನಮ್ಮಿಂದ ಮಹಾರಾಜರ ಖಜಾನೆ ಆಗಲ್ಲ, ಬುಟ್ಟಿಗೆ ಐದು ಪೌಂಡು ಆಗುತ್ತೆ.

ಹೊರಗಿನಿಂದ ಬಂದವರೇ ಈ ಊರಿನ ಚೇಂಬರ್ ಮ್ಯೂಸಿಕ್‌ಗೆ ಎಷ್ಟೋ ಕೊಟ್ಟಿದ್ದಾರೆ. ಗಾಡಿಚಕ್ರ ಮಾಡುವವನ ಮಗನಾದ ಹೈಡನ್ 1791ರಲ್ಲಿ ಮೊದಲ ಸಲ ಲಂಡನ್ನಿಗೆ ಬಂದಾಗ 58 ವರ್ಷ. ಅದುವರೆಗೂ ಕ್ವಾರ್ಟೆಟ್ ಅಂದರೆ ಹೆಚ್ಚಾಗಿ ಮನೆಯೊಳಗಿನ ಸಂಗೀತ. ಇಲ್ಲಿ ಸಾರ್ವಜನಿಕರು ದುಡ್ಡು ಕೊಟ್ಟು ಹಾಲಿನಲ್ಲಿ ಕೂತು ಕೇಳೋದನ್ನು ಕಂಡು, 1793ರಲ್ಲಿ ಅಂಥ ಜನಕ್ಕೆಂದೇ ಆರು ಕ್ವಾರ್ಟೆಟ್ ಬರೆದ. ಅವುಗಳಲ್ಲಿ ಹಲವು ಜೋರಾದ ಸ್ವರಗಳಿಂದ ಶುರುವಾಗ್ತಾವೆ, ಮಾತು ನಿಲ್ಲಿಸಿ ಈ ಕಡೆ ನೋಡಿ ಅನ್ನೋ ಹಾಗೆ! ಇನ್ನು ಅಮಡಿಯಸ್ ಕ್ವಾರ್ಟೆಟ್. ಅದರ ನಾಲ್ವರಲ್ಲಿ ಮೂವರು ಹಿಟ್ಲರನ ಕಾಲದಲ್ಲಿ ವಿಯೆನ್ನಾ ಬಿಟ್ಟು ಓಡಿಬಂದ ಯಹೂದಿ ಹುಡುಗರು. ಇಲ್ಲಿಗೆ ಬಂದ ಮೇಲೆ ಇವರನ್ನೇ ಶತ್ರು ದೇಶದವರು ಅಂತ ಹಿಡಿದು ಶಿಬಿರದಲ್ಲಿ ಇಟ್ಟರು. ಅವರು ಒಬ್ಬರಿಗೊಬ್ಬರು ಪರಿಚಯವಾದದ್ದು ಆ ಶಿಬಿರಗಳಲ್ಲೇ. ಬಿಡುಗಡೆಯಾದ ಮೇಲೆ ಒಬ್ಬ ಇಂಗ್ಲಿಷ್ ಚೆಲ್ಲೊ ವಾದಕನನ್ನು ಸೇರಿಸಿಕೊಂಡು 1948ರ ಜನವರಿ 10ರಂದು ವಿಗ್ಮೋರ್ ಹಾಲ್‌ನಲ್ಲಿ ಆ ಹೆಸರಿನಿಂದ ನುಡಿಸಿದರು. 1987ರಲ್ಲಿ ವಯೋಲ ವಾದಕ ತೀರಿಕೊಳ್ಳುವವರೆಗೂ ಅದೇ ನಾಲ್ವರು. ಅವರು ಹೋದ ಮೇಲೆ ಇನ್ನೊಬ್ಬರನ್ನು ಸೇರಿಸಿಕೊಳ್ಳಲಿಲ್ಲ, ತಂಡವನ್ನೇ ನಿಲ್ಲಿಸಿದರು.

ಈಗ ನಮ್ಮ ಮಾತಿಗೆ ಬರ್ತೀನಿ. ಇದರಿಂದ ನಮಗೇನು?

ನಮ್ಮಲ್ಲಿ ಬಹಳ ಮನೆಗಳಲ್ಲಿ ಊರಿನಿಂದ ಅಪ್ಪ ಅಮ್ಮ ಆರು ತಿಂಗಳ ವೀಸಾದ ಮೇಲೆ ಬರ್ತಾರೆ. ಬೆಳಿಗ್ಗೆ ಎಂಟಕ್ಕೆ ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಸ್ಕೂಲಿಗೆ. ಆಮೇಲೆ ಸಂಜೆವರೆಗೂ ನಾಲ್ಕು ಗೋಡೆ, ಕಿಟಕಿ, ಊರಿಗೊಂದು ವಾಟ್ಸಾಪ್ ಕರೆ. ಬೇಗನೇ ಕತ್ತಲು. ‘ಮಾತಾಡೋಕೆ ಒಂದು ನರಪಿಳ್ಳೆ ಇಲ್ಲ ಕಣಪ್ಪ’ ಅನ್ನೋ ಮಾತು ನೀವೂ ಕೇಳಿದ್ದೀರಿ. ಮನೆಯಿಂದ ಹತ್ತು ನಿಮಿಷ ನಡೆದರೆ ಬೆಚ್ಚಗಿನ ಜಾಗ, ಒಂದು ಗಂಟೆ ಸಂಗೀತ, ಆಮೇಲೆ ಟೀ, ತಮ್ಮದೇ ವಯಸ್ಸಿನ ನಾಲ್ಕು ಜನ. ಇಂಗ್ಲಿಷ್ ಬರಲ್ಲ ಅನ್ನೋ ಸಂಕೋಚ ಅಲ್ಲಿ ಅಡ್ಡ ಬರೋದಿಲ್ಲ, ಯಾಕಂದ್ರೆ ಆ ಒಂದು ಗಂಟೆ ಯಾರೂ ಮಾತಾಡಲ್ಲ. ನಮ್ಮ ಬಡಾವಣೆಯ ಚರ್ಚಿಗೆ ಹೀಗೆ ಬರೋಕೆ ಶುರುಮಾಡಿದ ನಮ್ಮ ಕಡೆಯ ಅಜ್ಜಿಯೊಬ್ಬರು ಮೂರನೆಯ ಸಲದ ಹೊತ್ತಿಗೆ ಟೀ ಮೇಜಿನ ಆಚೆ ಕಡೆ ನಿಂತು ಕಪ್ಪು ಜೋಡಿಸ್ತಾ ಇದ್ದರು. ಯಾರೂ ಕೇಳಿರಲಿಲ್ಲ. ಚಕ್ಕುಲಿ ತಂದಿಟ್ಟರು. ಮುಂದಿನ ತಿಂಗಳು ಅಲ್ಲಿಯ ಹೆಂಗಸರು ‘ಅದನ್ನು ಮಾಡೋದು ಹೇಗೆ’ ಅಂತ ಕೈಸನ್ನೆಯಲ್ಲೇ ಕೇಳ್ತಿದ್ದರು.

ಪಾಳಿ ಕೆಲಸದವರು ಇಲ್ಲಿ ಅನೇಕರಿದ್ದೀರಿ. ಆಸ್ಪತ್ರೆ, ಕೇರ್ ಹೋಮು, ಗೋದಾಮು, ಹೋಟೆಲು. ಸಂಜೆಯ ದೊಡ್ಡ ಕಾರ್ಯಕ್ರಮಕ್ಕೆ ಟಿಕೆಟ್ ಮುಂಚೆಯೇ ತೆಗೆಯೋಕೆ ನಿಮಗೆ ಆಗೋದಿಲ್ಲ, ರೋಟಾ ಯಾವಾಗ ಬದಲಾಗುತ್ತೋ. ಇಲ್ಲಿ ಟಿಕೆಟ್ಟೇ ಇಲ್ಲ. ಬಿಡುವಿದ್ದರೆ ಹೋಗೋದು, ಇಲ್ಲದಿದ್ದರೆ ಇಲ್ಲ. ನಿದ್ದೆ ಬಂದರೂ ಯಾರೂ ಏನೂ ಅನ್ನೋದಿಲ್ಲ, ಗೊರಕೆ ಒಂದು ಹೊಡೀಬೇಡಿ.

ಮಕ್ಕಳ ವಿಷಯ. ಪಿಯಾನೊ, ಪಿಟೀಲು ಅಂತ ನಾವು ಮಕ್ಕಳನ್ನು ತರಗತಿಗೆ ಹಾಕಿದ್ದೀವಿ. ಗ್ರೇಡ್ ಮೂರು, ಗ್ರೇಡ್ ಐದು, ಎಷ್ಟು ಮಾರ್ಕು. ಆದರೆ ಅದೇ ವಾದ್ಯವನ್ನು ಚೆನ್ನಾಗಿ ನುಡಿಸುವವರನ್ನು ಮೂರು ಮೊಳದ ದೂರದಲ್ಲಿ ಕೂತು ನೋಡಿರೋದಿಲ್ಲ. ಕೈ ಹೇಗೆ ಹೋಗುತ್ತೆ, ತಪ್ಪಿದಾಗ ಮುಖ ಕೆಡಿಸಿಕೊಳ್ಳದೆ ಹೇಗೆ ಮುಂದೆ ಹೋಗ್ತಾರೆ ಅನ್ನೋದನ್ನು ಯೂಟ್ಯೂಬ್ ಕಲಿಸೋದಿಲ್ಲ.

ಸಂಕೋಚದ ಪ್ರಶ್ನೆಗಳಿಗೆ ಚಿಕ್ಕ ಉತ್ತರ ಕೊಟ್ಟುಬಿಡ್ತೀನಿ. ಚಪ್ಪಲಿ ಬಿಡಬೇಕಾಗಿಲ್ಲ. ಸೀರೆ, ಪಂಚೆ, ಜೀನ್ಸು, ಯಾವುದಾದರೂ ಆಗುತ್ತೆ. ಪ್ರಾರ್ಥನೆ ಮಾಡಬೇಕಾಗಿಲ್ಲ, ಅದು ಆರಾಧನೆಯ ಹೊತ್ತಲ್ಲ. ಯಾರೂ ನಿಮ್ಮ ಧರ್ಮ ಕೇಳೋದಿಲ್ಲ. ಒಂದು ಕೃತಿಯಲ್ಲಿ ಮೂರು ನಾಲ್ಕು ಭಾಗ ಇರ್ತಾವೆ, ಒಂದು ಭಾಗ ನಿಂತ ಕೂಡಲೇ ಚಪ್ಪಾಳೆ ಹೊಡೆಯೋದು ಅಲ್ಲಿನ ಪದ್ಧತಿ ಅಲ್ಲ. ಅನುಮಾನ ಬಂದರೆ ನುಡಿಸುವವರು ಕಮಾನು ಪೂರ್ತಿ ಕೆಳಗಿಳಿಸಿ ಎದ್ದು ನಿಲ್ಲುವವರೆಗೂ ಕಾಯಿರಿ. ‘ಭೇಷ್’ ಅನ್ನಬೇಕು ಅನ್ನಿಸಿದರೆ ಮನಸ್ಸಿನಲ್ಲೇ ಅಂದುಕೊಳ್ಳಿ. ತಲೆದೂಗೋದಕ್ಕೆ ಅಡ್ಡಿಯಿಲ್ಲ.

ಇಷ್ಟೆಲ್ಲ ಯಾಕೆ ಈಗ ಹೇಳ್ತಿದ್ದೀನಿ ಅಂದ್ರೆ, ನಮ್ಮ ಬಡಾವಣೆಯ ಆ ಕಛೇರಿ ಸರಣಿ ನಿಲ್ಲುವ ಹಂತದಲ್ಲಿದೆ. 2020ರ ಕೊರೊನಾದಲ್ಲಿ ಬಾಗಿಲು ಹಾಕಿ ಮತ್ತೆ ತೆರೆದಾಗ ಹಳಬರಲ್ಲಿ ಕೆಲವರು ಬರಲೇ ಇಲ್ಲ. ಸಮಿತಿಯವರಿಗೆಲ್ಲ ವಯಸ್ಸಾಯಿತು. ಕಳೆದ ಸಲ ನಾನು ಎಣಿಸಿದೆ, ಕೇಳೋಕೆ ಇಪ್ಪತ್ತಮೂರು ಜನ ಇದ್ದೆವು. ಬುಟ್ಟಿಯ ದುಡ್ಡು ನುಡಿಸಿದವರ ರೈಲಿನ ಖರ್ಚಿಗೆ ಸರಿಹೋಯಿತು. ಮುಂದಿನ ಬೇಸಿಗೆಯವರೆಗೆ ನೋಡ್ತೀವಿ, ಆಗದಿದ್ದರೆ ನಿಲ್ಲಿಸ್ತೀವಿ ಅಂತ ಹೇಳಿದ್ದಾರೆ. ಇಪ್ಪತ್ತಮೂರರ ಜಾಗದಲ್ಲಿ ನಲವತ್ತು ಜನ ಆದರೆ ಅದು ಬದುಕುತ್ತೆ. ಆ ಹದಿನೇಳು ಜನ ಈ ಹಾಲಿನಲ್ಲೇ ಇದ್ದಾರೆ ಅನ್ನೋದು ನನ್ನ ನಂಬಿಕೆ. ನಮ್ಮ ಮಕ್ಕಳ ಕನ್ನಡ ತರಗತಿಗೆ ಹಾಲು ಕೊಟ್ಟವರ ಮನೆಯ ಕೆಲಸ ಅದು.

ಎರಡನೆಯ ಬೇಡಿಕೆ ನಮ್ಮ ವೇದಿಕೆಗೆ. ಪ್ರತಿ ವರ್ಷ ನಾವು ಒಂದು ದೊಡ್ಡ ರಾತ್ರಿ ಮಾಡ್ತೀವಿ. ಊರಿನಿಂದ ಸಿನಿಮಾ ಗಾಯಕರು, ಸೌಂಡ್ ಸಿಸ್ಟಮ್, ಹೋಟೆಲು, ವಿಮಾನದ ಟಿಕೆಟ್. ವರ್ಷದ ದುಡ್ಡಿನಲ್ಲಿ ಹೆಚ್ಚಿನ ಪಾಲು ಆ ಒಂದು ರಾತ್ರಿಗೆ ಹೋಗುತ್ತೆ. ಅದು ಬೇಡ ಅನ್ನಲ್ಲ, ಮಕ್ಕಳು ಕುಣೀತಾರೆ, ನಾವೂ ಕುಣೀತೀವಿ. ಆದರೆ ಅದರಲ್ಲಿ ಸ್ವಲ್ಪ ಉಳಿಸಿ, ವರ್ಷಕ್ಕೆ ನಾಲ್ಕು ಸಣ್ಣ ಬೈಠಕ್ ಯಾಕೆ ಮಾಡಬಾರದು? ಈ ಊರಿನಲ್ಲೇ ವೀಣೆ, ಕೊಳಲು, ಮೃದಂಗ, ತಬಲ ನುಡಿಸುವ, ಹಾಡುವ ನಮ್ಮವರು ಇದ್ದಾರೆ. ಹಗಲು ಕೋಡ್ ಬರೀತಾರೆ, ಬ್ಲಡ್ ಟೆಸ್ಟ್ ಮಾಡ್ತಾರೆ, ಸಂಜೆ ಒಬ್ಬರೇ ಕೋಣೆಯಲ್ಲಿ ಕೂತು ಸಾಧನೆ ಮಾಡ್ತಾರೆ. ಅವರಿಗೆ ಕೇಳುವ ಕಿವಿ ಬೇಕು. ಅದೇ ಚರ್ಚಿನವರನ್ನು ಕೇಳಿದರೆ ತಮ್ಮ ಸರಣಿಯಲ್ಲೇ ಒಂದು ದಿನ ನಮಗೆ ಕೊಡೋಕೆ ಸಂತೋಷಪಡ್ತಾರೆ, ನಾನು ವಿಚಾರಿಸಿದ್ದೀನಿ.

ಮಾಡೋದಾದರೆ ಅವರಿಂದ ನಾಲ್ಕು ಪಾಠ ಕಲಿಯೋಣ. ದಿನ ಗೊತ್ತಿರಬೇಕು, ಉದಾಹರಣೆಗೆ ಮೂರು ತಿಂಗಳಿಗೊಮ್ಮೆ ಮೊದಲನೆಯ ಶನಿವಾರ, ಬದಲಾಯಿಸಬಾರದು. ಹೇಳಿದ ಹೊತ್ತಿಗೆ ಶುರು, ಒಂದು ಗಂಟೆಗೆ ಮುಕ್ತಾಯ. ಭಾಷಣ ಎರಡು ನಿಮಿಷ ದಾಟಬಾರದು, ಇವತ್ತು ನಾನು ಮಾಡಿದ ಹಾಗೆ ಅಲ್ಲ. ನಾಲ್ಕನೆಯದು ಮುಖ್ಯ: ಮೂವತ್ತೇ ಜನ ಬಂದರೂ ಇದು ಸೋತಿತು ಅಂದುಕೊಳ್ಳಬಾರದು. ಇದ್ದಿಲಿನ ಬ್ರಿಟನ್‌ನ ಅಟ್ಟದಲ್ಲಿ ಎಷ್ಟು ಜನ ಹಿಡಿಸುತ್ತಿದ್ದರು ಹೇಳಿ? ಮೂವತ್ತಾರು ವರ್ಷ ನಿಲ್ಲಿಸದೆ ನಡೆಸಿದ್ದರಿಂದ ಅವನ ಹೆಸರು ಉಳೀತು.

ಮುಂದಿನ ತಿಂಗಳ ಮಹಾಸಭೆಯಲ್ಲಿ ಇದನ್ನು ಠರಾವಾಗಿ ತರ್ತೀನಿ, ಪರ ವಿರೋಧ ಎರಡನ್ನೂ ಅಲ್ಲೇ ಮಾತಾಡೋಣ. ಅದಕ್ಕೂ ಮುಂಚೆ, ನಿಮ್ಮ ನಿಮ್ಮ ಬಡಾವಣೆಯ ಚರ್ಚಿನ ಹಲಗೆಯ ಮೇಲೆ ಏನು ಚೀಟಿ ಇದೆ ಅಂತ ಒಮ್ಮೆ ನಿಂತು ಓದಿ ಬನ್ನಿ. ಬಿಸಿಬೇಳೆಬಾತ್ ಆರುವ ಮುಂಚೆ ಊಟಕ್ಕೆ ಏಳೋಣ.